ಶಾಲು ಹೊದಿಸಿದ್ದೆವು, ಕಲ್ಲು ಇಟ್ಟಿರಲಿಲ್ಲ: ದಣಿದ ಪಾಲಕರ ಜೊತೆ ಒಂದು ಸಭೆ

ಇದು ನಮ್ಮದೇ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನ ಸಮುದಾಯದಲ್ಲಿ, ನಡೆದದ್ದು. ಊರಿನ ಹೆಸರು ಹಾಕಿಲ್ಲ, ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಆ ಪಾಲಕರೂ (ನಮ್ಮ ಸಭೆಯ ಪಾದ್ರಿ) ಅವರ ಮನೆಯವರೂ ಇದನ್ನು ಓದಿ, ಬೇರೆ ಸಭೆಗಳಿಗೆ ಉಪಯೋಗವಾಗುವುದಾದರೆ ಹಾಕಿ ಅಂದಿದ್ದಾರೆ. ಆಗ ನಾನು ಸಭಾ ಸಮಿತಿಯ ಕಾರ್ಯದರ್ಶಿ. ನಮ್ಮ ತಪ್ಪುಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ, ಅದರಲ್ಲಿ ಒಂದು ನನ್ನದೇ.

ಹಿನ್ನೆಲೆ

ಅರೆಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಹಳೇ ಮೈಸೂರು ಸೀಮೆಯ ಎಷ್ಟೋ ಸಭೆಗಳ ಹಾಗೆ ನಮ್ಮದೂ ವೆಸ್ಲಿಯನ್ ಮಿಷನರಿಗಳ ಕಾಲದ್ದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ಅದರೊಳಗೆ ಸೇರಿತು. ಊರಲ್ಲಿ ನೂರರಷ್ಟು ಕುಟುಂಬಗಳಿವೆ. ಜೊತೆಗೆ ಮೂರು ಹಳ್ಳಿ ಸಭೆಗಳು. ಅದರಲ್ಲಿ ಒಂದು ಕಾಫಿ ತೋಟದ ಲೈನ್ ಮನೆಗಳ ನಡುವೆ ಇದೆ. ನಾಲ್ಕಕ್ಕೂ ಒಬ್ಬರೇ ಪಾಲಕರು. ನಾವು ಅವರನ್ನು ಅಯ್ಯನವರು ಅನ್ನುತ್ತೇವೆ, ಅವರ ಹೆಂಡತಿಯನ್ನು ಅಮ್ಮನವರು.

ಈ ಅಯ್ಯನವರಿಗೆ ಐವತ್ತು ದಾಟಿತ್ತು. ಮಾತು ಕಡಿಮೆ. ಪ್ರಸಂಗ, ಅಂದರೆ ಆರಾಧನೆಯಲ್ಲಿ ಮಾಡುವ ಉಪದೇಶ, ಭಾರಿ ಏನಲ್ಲ, ಆದರೆ ಹೇಳಿದ್ದನ್ನು ಬದುಕುವ ಮನುಷ್ಯ. 2021ರ ಎರಡನೇ ಅಲೆಯಲ್ಲಿ ನಮ್ಮ ಸಭೆಯಲ್ಲಿ ಒಂಬತ್ತು ಸಾವುಗಳಾದವು. ಎರಡು ಮನೆಗಳಲ್ಲಿ ಸ್ವಂತ ಮಕ್ಕಳೂ ಸ್ಮಶಾನದ ಗೇಟಿನ ಒಳಗೆ ಬರಲಿಲ್ಲ. ಅವರಿಗೂ ಭಯ ಇತ್ತು, ತಪ್ಪು ಅನ್ನುವುದಿಲ್ಲ. ಆ ನೀಲಿ ಪ್ಲಾಸ್ಟಿಕ್ ಉಡುಪು ಹಾಕಿಕೊಂಡು ಅಯ್ಯನವರು ಒಳಗೆ ಹೋದರು. ಒಂದೊಂದು ಸಲವೂ ಶವಸಂಸ್ಕಾರದ ಪೂರ್ತಿ ಕ್ರಮವನ್ನು ಓದಿದರು. ಒಂದು ಸಾಲೂ ಬಿಡಲಿಲ್ಲ. ಹೊರಗೆ ಫೋನ್ ಹಿಡಿದು ನಿಂತ ಮನೆಯವರಿಗೆ ಕೇಳಲಿ ಅಂತ ಜೋರಾಗಿ ಓದುತ್ತಿದ್ದರು.

ಮುಂದಿನ ವರ್ಷದ ಸುಗ್ಗಿ ಹಬ್ಬದ ದಿನ ಅವರಿಗೆ ದೊಡ್ಡ ಸನ್ಮಾನ ಮಾಡಿದೆವು. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿಸಿದ ಸನ್ಮಾನ ಪತ್ರ. ಮಹಿಳಾ ಕೂಟದವರು ಒಂದು ಶಾಲು, ಯುವಕರ ಕೂಟದವರು ಒಂದು, ಹಳ್ಳಿ ಸಭೆಗಳಿಂದ ಒಂದೊಂದು. ಎಲ್ಲರೂ ಮನಸಾರೆ ಮಾಡಿದ್ದೇ. ಆ ಪತ್ರವನ್ನು ಬರೆದವನು ನಾನು, ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು.

ಸಮಸ್ಯೆ

ಸನ್ಮಾನ ಆಗಿ ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಆರಾಧನೆಯ ನಡುವೆ ಅಯ್ಯನವರು ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಶುರು ಮಾಡಿದರು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದವರು ಅಲ್ಲಿಗೇ ನಿಂತರು. ಮುಂದಿನ ಮಾತು ಬರಲಿಲ್ಲ. ಸಭೆ ತನ್ನ ಪಾಡಿಗೆ ಪ್ರಾರ್ಥನೆ ಮುಗಿಸಿತು. ಹಿಂದೆ ಕೂತವರಿಗೆ ಗೊತ್ತೇ ಆಗಲಿಲ್ಲ. ಮುಂದಿನ ಬೆಂಚಿನ ನಾವು ನಾಲ್ಕೈದು ಜನ ನೋಡಿದೆವು. ಅವರ ತುಟಿ ಅಲುಗುತ್ತಿರಲಿಲ್ಲ. ಎರಡೂ ಕೈ ವೇದಿಯ ಅಂಚನ್ನು ಹಿಡಿದಿದ್ದವು.

ಮಾರನೇ ದಿನ ನನ್ನ ಕೈಗೆ ಒಂದು ಕಾಗದ ಕೊಟ್ಟರು. ಸೇವೆಯಿಂದ ಸ್ವಲ್ಪ ಕಾಲ ಬಿಡುಗಡೆ ಕೇಳಿ ಬಿಷಪ್ಪರಿಗೆ ಬರೆದ ಪತ್ರದ ಪ್ರತಿ. ಇನ್ನೂ ಕಳಿಸಿರಲಿಲ್ಲ. "ನೀವು ಮೊದಲು ಓದಿ" ಅಂದರು, ಅಷ್ಟೇ.

ಅವತ್ತೇ ಸಮಿತಿ ಸೇರಿತು. ಒಬ್ಬರು, ವರ್ಗಾವಣೆಗೆ ಬರೆಯೋಣ, ಹೊಸಬರು ಬರಲಿ ಅಂದರು. ಇನ್ನೊಬ್ಬರು, ಒಂದು ವಾರ ಎಲ್ಲಾದರೂ ಹೋಗಿ ಬರಲಿ, ಸರಿ ಹೋಗ್ತಾರೆ ಅಂದರು. ಹಿರಿಯರೊಬ್ಬರಿಗೆ ಬೇಜಾರೇ ಆಯಿತು. "ಅಷ್ಟು ದೊಡ್ಡ ಸನ್ಮಾನ ಮಾಡಿದ್ದೀವಿ, ಇನ್ನೇನು ಕಡಿಮೆ ಆಯ್ತು?" ಅಂದರು. ಅದು ನನ್ನ ಮನಸ್ಸಿನಲ್ಲೂ ಇದ್ದ ಪ್ರಶ್ನೆ. ನಾನು ಬಾಯಿ ಬಿಟ್ಟು ಕೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ಉತ್ತರ ಸಿಕ್ಕಿದ್ದು ಪಾಲಕರ ಮನೆಯಲ್ಲಿ. ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಅಯ್ಯನವರು ಡಾಕ್ಟರ ಹತ್ತಿರ ಹೋಗಿದ್ದರು. ಬಿಪಿ ತುಂಬ ಏರಿತ್ತು, ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಅಮ್ಮನವರು ಕಾಫಿ ಕೊಟ್ಟು, ಒಳಗಿನ ಕೋಣೆಯ ಬೀರು ತೆಗೆದು ತೋರಿಸಿದರು. ಶಾಲುಗಳು, ಒಂದರ ಮೇಲೊಂದು, ಕವರ್ ಕೂಡ ತೆಗೆಯದೆ. "ಅಣ್ಣ, ಇವು ಮೂವತ್ತೊಂದು ಇವೆ. ಆಸ್ಪತ್ರೆಯಲ್ಲಿ ಚಳಿಗೆ ನಡುಗ್ತಿದ್ದೋರಿಗೆ ಕೊಟ್ಟು ಉಳಿದಿದ್ದು ಇಷ್ಟು. ನಾಲ್ಕು ವರ್ಷದಲ್ಲಿ ಒಬ್ಬರಾದ್ರೂ ಇವರನ್ನ, ರಾತ್ರಿ ನಿದ್ದೆ ಮಾಡ್ತೀರಾ ಅಯ್ಯನವರೇ ಅಂತ ಕೇಳಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೀರುವಿನ ಮೇಲೆ ಚಾವಣಿಯಿಂದ ಇಳಿದ ಮಳೆನೀರಿನ ಕಲೆ ಇತ್ತು. ಕೆಳಗೆ ಒಂದು ಬಕೆಟ್ಟು. ರಿಪೇರಿಗೆ ಅವರು ಬರೆದುಕೊಟ್ಟ ಅರ್ಜಿ ನನ್ನ ಫೈಲಿನಲ್ಲೇ ಒಂದೂವರೆ ವರ್ಷದಿಂದ ಇತ್ತು.

ಮೊದಲು ಮಾಡಿದ್ದು: ಪ್ರಾರ್ಥನೆಯ ಸರಪಳಿ

ಅದು ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಶುರುವಾಗುವ ಸಮಯ. ನಲವತ್ತು ದಿನ ಅಯ್ಯನವರಿಗಾಗಿ ಸರಪಳಿ ಪ್ರಾರ್ಥನೆ ಮಾಡೋಣ ಅಂತ ನಿರ್ಧಾರವಾಯಿತು. ಕಾಲು ಕಾಲು ಗಂಟೆಗೆ ಒಬ್ಬೊಬ್ಬರು. ಹೆಸರು ಕೊಡಲು ಜನ ಮುಗಿಬಿದ್ದರು. ಇಷ್ಟು ಪ್ರೀತಿ ಇದೆಯಲ್ಲ ಅಂತ ನನಗೆ ಸಂತೋಷವಾಯಿತು.

ಆದರೆ ನಾವು ಏನೆಂದು ಪ್ರಾರ್ಥಿಸಿದೆವು? "ಕರ್ತನೇ, ನಮ್ಮ ಅಯ್ಯನವರನ್ನು ಆಶೀರ್ವದಿಸು, ಇನ್ನೂ ಹೆಚ್ಚಾಗಿ ಉಪಯೋಗಿಸು." ಇನ್ನೂ ಹೆಚ್ಚಾಗಿ! ಬಿದ್ದುಹೋಗುತ್ತಿದ್ದ ಮನುಷ್ಯನ ಮೇಲೆ ಇನ್ನಷ್ಟು ಹೊರಿಸು ಅಂತ ಕೇಳುತ್ತಿದ್ದೆವು. ಇದರ ಜೊತೆಗೆ, ಪ್ರಾರ್ಥನೆ ಮಾಡಿದವರೆಲ್ಲ ಅವರಿಗೆ ಫೋನ್ ಮಾಡಿ ಹೇಳುತ್ತಿದ್ದರು. ಬೆಳಗಿನ ಜಾವ ಐದೂಕಾಲಿಗೆ, "ಅಯ್ಯನವರೇ, ಈಗ ತಾನೇ ನಿಮಗೋಸ್ಕರ ಪ್ರಾರ್ಥನೆ ಮುಗಿಸಿದೆ." ಅವರು ಎದ್ದು, ವಂದನೆ ಹೇಳಿ, ಅವರ ಮನೆಯವರ ಆರೋಗ್ಯ ವಿಚಾರಿಸಿ ಫೋನ್ ಇಡುವಷ್ಟರಲ್ಲಿ ಬಂದಿದ್ದ ಸ್ವಲ್ಪ ನಿದ್ದೆಯೂ ಹೋಗುತ್ತಿತ್ತು. ಹದಿಮೂರನೇ ದಿನ ನಿಲ್ಲಿಸಿದೆವು. ಪ್ರಾರ್ಥನೆಯನ್ನಲ್ಲ, ಫೋನನ್ನು.

ಎರಡನೆಯದು: ನನ್ನ ತಪ್ಪು

ಸುಮ್ನೆ ಆಶೀರ್ವದಿಸು ಅಂದರೆ ಸಾಲದು, ಅವರಿಗೆ ಏನು ಬೇಕೋ ಕೇಳಿ ಪ್ರಾರ್ಥಿಸೋಣ ಅಂದುಕೊಂಡೆವು. ಈ ಯೋಚನೆ ಸರಿಯಾಗಿಯೇ ಇತ್ತು. ಬೈಬಲಿನಲ್ಲಿರುವ ತನ್ನ ಪತ್ರಗಳಲ್ಲಿ ಅಪೊಸ್ತಲ ಪೌಲನು ತನಗಾಗಿ ಪ್ರಾರ್ಥಿಸಿ ಅಂದಾಗಲೆಲ್ಲ ಸುಮ್ಮನೆ ಹಾಗೆ ಹೇಳಿ ಬಿಡುವುದು ಕಡಿಮೆ. ಎಫೆಸದವರಿಗೆ, ಬಾಯಿ ತೆರೆದಾಗ ತಕ್ಕ ಮಾತು ಬರಲಿ ಅಂತ ಕೇಳಿ ಅನ್ನುತ್ತಾನೆ. ಕೊಲೊಸ್ಸೆಯವರಿಗೆ, ಸೆರೆಯಲ್ಲಿದ್ದುಕೊಂಡೇ, ವಾಕ್ಯಕ್ಕೆ ಬಾಗಿಲು ತೆರೆಯಲಿ ಅಂತ. ರೋಮಾಪುರದವರಿಗೆ, ಯೂದಾಯದಲ್ಲಿರುವ ವಿರೋಧಿಗಳ ಕೈಯಿಂದ ತಪ್ಪಿಸಿಕೊಳ್ಳಲಿ ಅಂತ. ಬೇಕಾದದ್ದನ್ನು ಹೆಸರು ಹಿಡಿದು ಹೇಳುತ್ತಾನೆ.

ಅಯ್ಯನವರು ತುಂಬ ಹಿಂಜರಿದು ಒಂದು ಚೀಟಿ ಬರೆದುಕೊಟ್ಟರು. ಮೂರು ವಿಷಯ. ಅದರಲ್ಲಿ ಒಂದು ಅವರ ಮನೆಯೊಳಗಿನದು, ಮಗನಿಗೆ ಸಂಬಂಧಿಸಿದ್ದು. ಆ ಗುರುವಾರ ಮನೆ ಪ್ರಾರ್ಥನೆಯಲ್ಲಿ ನಾನು ಆ ಚೀಟಿಯನ್ನು ಪೂರ್ತಿ ಓದಿಬಿಟ್ಟೆ. ಇಪ್ಪತ್ತು ಜನ ಇದ್ದರು. ಎಲ್ಲರೂ ಬಹಳ ಭಾರದಿಂದ ಪ್ರಾರ್ಥಿಸಿದರು. ಶನಿವಾರ ಸಂತೆಯಲ್ಲಿ ನಮ್ಮ ಸಭೆಯವರೇ ಅಲ್ಲದ ಒಬ್ಬರು ಅಯ್ಯನವರನ್ನು ನಿಲ್ಲಿಸಿ, "ಮಗನ ವಿಷಯ ಹಿಂಗಂತೆ, ಹೌದಾ?" ಅಂತ ಕೇಳಿದರು.

ಪ್ರಾರ್ಥನೆಯ ಹೆಸರಲ್ಲಿ ಒಬ್ಬ ಹುಡುಗನ ಮಾನ ಸಂತೆಗೆ ಹೋಯಿತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿರಲಿಲ್ಲ. ಒಬ್ಬರು ಇನ್ನೊಬ್ಬರಿಗೆ "ನೀವೂ ಪ್ರಾರ್ಥನೆ ಮಾಡಿ" ಅಂತಲೇ ಹೇಳುತ್ತ ಹೋಗಿದ್ದರು.

ಅಯ್ಯನವರು ಭಾನುವಾರ ಎಂದಿನಂತೆ ಆರಾಧನೆ ನಡೆಸಿದರು. ಸೋಮವಾರ ನಾನು ಹೋದಾಗ ಬಾಗಿಲು ತೆಗೆದದ್ದು ಆ ಮಗನೇ. ಅವನು ಏನೂ ಅನ್ನಲಿಲ್ಲ, ಒಳಗೆ ಹೋಗಿ ತಂದೆಯನ್ನು ಕರೆದ. ನಾನು ಇಬ್ಬರನ್ನೂ ಕೂರಿಸಿಕೊಂಡು ಕ್ಷಮೆ ಕೇಳಿದೆ. ಅಯ್ಯನವರು ಕ್ಷಮಿಸಿದೆ ಅಂದರು. ಹುಡುಗ, "ನನಗೆ ಸ್ವಲ್ಪ ಟೈಮ್ ಬೇಕು ಅಂಕಲ್" ಅಂದ. ಅದು ಪ್ರಾಮಾಣಿಕ ಉತ್ತರ, ನಾನು ಅದಕ್ಕೆ ಅರ್ಹ. ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಅಂದೆ. ಅಯ್ಯನವರು ಒಪ್ಪಲಿಲ್ಲ. "ಬಿಟ್ಟು ಹೋಗೋದು ಸುಲಭ, ನಾನೂ ಅದನ್ನೇ ಮಾಡೋಕೆ ಹೊರಟಿದ್ದೆ" ಅಂದರು.

ಆಮೇಲೆ ಪದ್ಧತಿ ಬದಲಾಯಿತು. ಅಯ್ಯನವರೇ ಆರಿಸಿದ ಮೂವರು, ಅಮ್ಮನವರೇ ಆರಿಸಿದ ಇಬ್ಬರು ಹೆಂಗಸರು. ಇವರಿಗೆ ಮಾತ್ರ ಒಳಗಿನ ಮಾತು. ಕಾಗದದ ಮೇಲೆ ಬರೆಯುವುದಿಲ್ಲ, ವಾಟ್ಸಾಪಿಗೆ ಹಾಕುವುದಿಲ್ಲ, ಗಂಡ ಹೆಂಡತಿಗೂ ಹೇಳುವುದಿಲ್ಲ. ನನ್ನನ್ನು ಆರಿಸಲಿಲ್ಲ, ಅದು ಸರಿಯೇ. ಇಡೀ ಸಭೆಗೆ ಬೇರೆ ವಿಷಯಗಳು: ಈ ವಾರದ ಪ್ರಸಂಗದ ವಾಕ್ಯ, ಅವರು ಹೋಗುವ ಹಳ್ಳಿ, ರಸ್ತೆಯ ಮೇಲಿನ ಕಾಪಾಡುವಿಕೆ, ಒಂದು ರಾತ್ರಿಯ ಒಳ್ಳೆಯ ನಿದ್ದೆ. ಮಕ್ಕಳು ಸಂಡೇ ಸ್ಕೂಲಿನಲ್ಲಿ "ಅಯ್ಯನವರಿಗೆ ನಿದ್ದೆ ಕೊಡಪ್ಪಾ" ಅಂತ ಪ್ರಾರ್ಥಿಸಿದ್ದನ್ನು ಟೀಚರ್ ಬಂದು ಹೇಳಿದಾಗ ಅಯ್ಯನವರು ಮೊದಲ ಸಲ ನಕ್ಕರಂತೆ.

ತಿರುವು: ಮೊದಲು ಕಲ್ಲು

ನಮ್ಮ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮಹಿಳಾ ಕೂಟದಲ್ಲಿ ಅವರು ಬೈಬಲಿನ ವಿಮೋಚನಕಾಂಡದ 17ನೇ ಅಧ್ಯಾಯ ಓದಿ ಹೇಳಿದ ಒಂದು ಮಾತು ಎಲ್ಲವನ್ನೂ ಬದಲಾಯಿಸಿತು. ರೆಫೀದೀಮಿನಲ್ಲಿ ಅಮಾಲೇಕ್ಯರ ಜೊತೆ ಯುದ್ಧ. ಇಸ್ರಾಯೇಲ್ಯರ ನಾಯಕ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿದ್ದಾನೆ, ಕೈ ಮೇಲಿದ್ದಷ್ಟು ಹೊತ್ತು ಅವರಿಗೆ ಗೆಲುವು. ಕೈ ಸೋಲುತ್ತದೆ. ಆರೋನನೂ ಹೂರನೂ ಆಚೆ ಈಚೆ ನಿಂತು ಕೈಗಳನ್ನು ಎತ್ತಿ ಹಿಡಿಯುತ್ತಾರೆ. ಇಷ್ಟು ನಮಗೆಲ್ಲ ಗೊತ್ತು. ಟೀಚರ್ ಕೇಳಿದರು: "ಕೈ ಹಿಡಿಯೋಕೆ ಮುಂಚೆ ಅವರು ಏನು ಮಾಡಿದ್ರು, ಯಾರಾದ್ರೂ ಹೇಳ್ತೀರಾ?" ಯಾರಿಗೂ ನೆನಪಿರಲಿಲ್ಲ. ಒಂದು ಕಲ್ಲು ತಂದು ಇಟ್ಟು ಅವನನ್ನು ಕೂರಿಸಿದರು. ಮೊದಲು ಕಲ್ಲು, ಆಮೇಲೆ ಕೈ.

ನಾವು ಕೈ ಹಿಡಿಯುತ್ತೇವೆ ಅನ್ನುತ್ತಿದ್ದೆವು. ಕೂರಲು ಒಂದು ಕಲ್ಲು ಇಟ್ಟಿರಲಿಲ್ಲ.

ಮುಂದಿನ ವಾರ ನಾನು ಕೆಲಸಕ್ಕೆ ರಜೆ ಹಾಕಿ ಅಯ್ಯನವರ ಜೊತೆ ಏಳು ದಿನ ಓಡಾಡಿದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸವನ್ನೂ ಬರೆದೆ. ಭಾನುವಾರ ಬೆಳಿಗ್ಗೆ 7ಕ್ಕೆ ಒಂದು ಹಳ್ಳಿ, 9.30ಕ್ಕೆ ಊರಿನ ಆರಾಧನೆ, 12.30ಕ್ಕೆ ಇನ್ನೊಂದು ಹಳ್ಳಿ, ಸಂಜೆ 4ಕ್ಕೆ ತೋಟ. ಮಧ್ಯಾಹ್ನದ ಊಟ ಅಂದರೆ ದಾರಿಯಲ್ಲಿ ಬೈಕ್ ನಿಲ್ಲಿಸಿ ಎರಡು ಬಾಳೆಹಣ್ಣು. ವಾರದ ದಿನಗಳಲ್ಲಿ ಸ್ಮಶಾನದ ಗಡಿ ತಕರಾರಿಗೆ ತಾಲ್ಲೂಕು ಕಚೇರಿಗೆ ಎರಡು ಸಲ. ಐದು ಜನಕ್ಕೆ ದೀಕ್ಷಾಸ್ನಾನದ ಸರ್ಟಿಫಿಕೇಟ್. ಚರ್ಚ್ ಹಾಲ್ ಬಾಡಿಗೆಗೆ ಪಡೆದವರಿಗೆ ಬೀಗದ ಕೈ ಕೊಡುವುದು, ಅವರು ಹೋದ ಮೇಲೆ ಗುಡಿಸಿದ್ದಾರಾ ಅಂತ ನೋಡುವುದು. ಕರೆಂಟ್ ಬಿಲ್. ರಾತ್ರಿ ಹನ್ನೊಂದಕ್ಕೆ ಗಂಡ ಹೆಂಡತಿ ಜಗಳ ಬಿಡಿಸಲು ಕರೆ. ಜಿಲ್ಲಾ ಆಸ್ಪತ್ರೆಯಲ್ಲಿ ನಮ್ಮ ತೋಟದ ಹೆಂಗಸಿನ ಪಕ್ಕ ಮೂರು ಗಂಟೆ. ಪ್ರಸಂಗ ತಯಾರಿಸಲು ಸಿಕ್ಕಿದ್ದು ಶನಿವಾರ ರಾತ್ರಿ ಒಂದೂವರೆ ಗಂಟೆ. ಒಟ್ಟು 64 ಕೆಲಸ ಬರೆದಿದ್ದೆ. ಪಾಲಕರೇ ಮಾಡಬೇಕಾದವು ಎಷ್ಟು ಅಂತ ಸಮಿತಿಯಲ್ಲಿ ಕೂತು ಗುರುತು ಹಾಕಿದೆವು. 23.

ಉಳಿದ 41ನ್ನು ಹಂಚಿಕೊಂಡೆವು. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಏಳು ಜನರನ್ನು ಆರಿಸಿದ್ದು ಇದಕ್ಕೇ ತಾನೇ? ವಾಕ್ಯಕ್ಕೂ ಪ್ರಾರ್ಥನೆಗೂ ಬಿಡುವು ಉಳಿಯಲಿ ಅಂತ. ಬೀಗದ ಕೈ, ಬಿಲ್ಲು, ಕಚೇರಿ ಓಡಾಟ ಸಮಿತಿಯವರಿಗೆ. ಹಳ್ಳಿ ಆರಾಧನೆಗಳಲ್ಲಿ ತಿಂಗಳಿಗೆ ಎರಡು ಭಾನುವಾರ ಸಭೆಯ ಹಿರಿಯರೇ ನಡೆಸುವುದು. ಚಾವಣಿ ಹದಿನೈದು ದಿನದಲ್ಲಿ ರಿಪೇರಿ ಆಯಿತು. ಸೋಮವಾರ ಅಯ್ಯನವರಿಗೆ ಪೂರ್ತಿ ಬಿಡುವು, ಸಾವು ಮತ್ತು ಆಸ್ಪತ್ರೆ ಬಿಟ್ಟು ಬೇರೆ ಯಾವುದಕ್ಕೂ ಕರೆಯುವ ಹಾಗಿಲ್ಲ.

ಸನ್ಮಾನದ ಬಗ್ಗೆ ಕೇಳಿದ ಆ ಹಿರಿಯರೇ ಇದನ್ನೂ ವಿರೋಧಿಸಿದರು. "ನಮ್ಮ ತಾತನ ಕಾಲದಲ್ಲಿ ಪಾದ್ರಿಗಳು ಸೈಕಲ್ಲಲ್ಲಿ ಹಳ್ಳಿ ಹಳ್ಳಿ ತಿರುಗ್ತಿದ್ರು. ಸೋಮವಾರ ರಜಾ ಅಂತ ಯಾರೂ ಕೇಳಿರಲಿಲ್ಲ." ಅದಕ್ಕೆ ಟೀಚರ್ ಹೇಳಿದರು: "ತಾತನ ಕಾಲದಲ್ಲಿ ಹಳ್ಳಿಗೊಬ್ಬ ಉಪದೇಶಿ ಇರ್ತಿದ್ದರು ಅಣ್ಣ. ಪಾದ್ರಿಗಳು ಬರದ ವಾರ ಅವರೇ ಆರಾಧನೆ ಮಾಡಿಸೋರು, ಮಕ್ಕಳಿಗೆ ಓದಿಸೋರು. ನನ್ನ ತಂದೆ ಉಪದೇಶಿ." ಹಿರಿಯರು ಒಪ್ಪಲಿಲ್ಲ, ಆದರೆ ಎದುರು ಓಟು ಹಾಕಲೂ ಇಲ್ಲ.

ಇದಕ್ಕೆ ಬೆಲೆಯನ್ನೂ ಕೊಟ್ಟೆವು. ಒಂದು ಕುಟುಂಬ ಸೋಮವಾರ ಗೃಹಪ್ರವೇಶ ಇಟ್ಟುಕೊಂಡಿತ್ತು. ಅಯ್ಯನವರ ಬದಲು ಹಿರಿಯರೊಬ್ಬರು ಹೋಗಿ ಪ್ರಾರ್ಥಿಸಿದರು. ಆ ಮನೆಯವರಿಗೆ ಅದು ಅವಮಾನ ಅನ್ನಿಸಿತು. ಅವರು ಈಗ ಬೇರೆ ಸಭೆಗೆ ಹೋಗುತ್ತಾರೆ. ನಾವು ಮುಂಚೆಯೇ ಹೋಗಿ ಕೂತು ಮಾತಾಡಿದ್ದರೆ ಉಳಿಯುತ್ತಿದ್ದರೇನೋ.

ಹೆಸರಿಲ್ಲದ ಕಾಗದ

ಅದೇ ವರ್ಷ ಸಮಿತಿಗೆ ಒಂದು ಕಾಗದ ಬಂತು. ಸಹಿ ಇಲ್ಲ. ಹಳ್ಳಿ ಸಭೆಗಳ ಕಾಣಿಕೆಯ ಹಣವನ್ನು ಅಯ್ಯನವರು ತಾವೇ ಇಟ್ಟುಕೊಳ್ಳುತ್ತಾರೆ ಅಂತ ಆರೋಪ. ಮಾನ ಕೊಡುವುದು ಅಂದರೆ ಏನು ಅಂತ ನಾವು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲಿ.

ಕೆಲವರು, ಅಯ್ಯನವರ ಮೇಲೆ ಗೌರವ ಇದ್ದರೆ ಹರಿದು ಬಿಸಾಕಿ ಅಂದರು. ಇನ್ನು ಕೆಲವರು, ಸರ್ವ ಸದಸ್ಯರ ಸಭೆಯಲ್ಲಿ ಅವರನ್ನೇ ನಿಲ್ಲಿಸಿ ಕೇಳೋಣ ಅಂದರು. ನಾವು ಬೈಬಲಿನ ಒಂದನೇ ತಿಮೊಥೆಯ ಪತ್ರದ 5ನೇ ಅಧ್ಯಾಯ ತೆಗೆದೆವು. ಸಭೆಯನ್ನು ಚೆನ್ನಾಗಿ ನಡೆಸುವ ಹಿರಿಯರು ಎರಡರಷ್ಟು ಮಾನಕ್ಕೆ ಯೋಗ್ಯರು ಅನ್ನುವುದು 17ನೇ ವಚನ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬೇಡ ಅನ್ನುವುದು 19. ಆದರೆ 20, 21 ಕೂಡ ಅಲ್ಲೇ ಇವೆ: ತಪ್ಪು ಮಾಡಿದ್ದರೆ ಎಲ್ಲರ ಮುಂದೆ ಗದರಿಸು, ಪಕ್ಷಪಾತ ಮಾಡಬೇಡ. ಮಾನವೂ ವಿಚಾರಣೆಯೂ ಒಂದೇ ಉಸಿರಿನಲ್ಲಿ ಬಂದಿವೆ.

ಸಹಿ ಇಲ್ಲದ ಕಾಗದವನ್ನು ದೂರು ಅಂತ ಸ್ವೀಕರಿಸಲಿಲ್ಲ. ಆದರೆ ಅಯ್ಯನವರಿಗೆ ಅದನ್ನು ತೋರಿಸಿದೆವು. ಅವರು ಓದಿ, "ಲೆಕ್ಕ ನೋಡಿಸಿ" ಅಂದರು. ಪಕ್ಕದ ಊರಿನ ಸಭೆಯ ಲೆಕ್ಕ ಪರಿಶೋಧಕರೊಬ್ಬರು ಎರಡು ವರ್ಷದ ಪುಸ್ತಕಗಳನ್ನು ನೋಡಿದರು. ಹಣ ಎಲ್ಲೂ ಹೋಗಿರಲಿಲ್ಲ. ಆದರೆ ತಪ್ಪೇ ಇಲ್ಲ ಅನ್ನುವಂತೆಯೂ ಇರಲಿಲ್ಲ. ಹಳ್ಳಿಗಳಲ್ಲಿ ಜನ ದಾರಿಯಲ್ಲಿ ಅಯ್ಯನವರ ಕೈಗೆ ಕಾಣಿಕೆ ಕೊಡುತ್ತಿದ್ದರು. ಅವರು ಬೈಕಿನ ಡಿಕ್ಕಿಯಲ್ಲಿಟ್ಟು ಮೂರು ನಾಲ್ಕು ದಿನದ ಮೇಲೆ ಖಜಾಂಚಿಗೆ ಕೊಡುತ್ತಿದ್ದರು. ಎಷ್ಟೋ ಸಲ ರಸೀದಿ ಬರೆದಿರಲಿಲ್ಲ. ಅಯ್ಯನವರು ಮುಂದಿನ ಸಭೆಯಲ್ಲಿ ಎದ್ದು ನಿಂತು, ಇದು ನನ್ನ ಅಜಾಗ್ರತೆ ಅಂತ ಒಪ್ಪಿಕೊಂಡರು. ಅವರ ಕೈಗೆ ಹಣ ಕೊಟ್ಟು ಕಳಿಸಿದ್ದು ಸಭೆಯ ತಪ್ಪು ಅಂತ ನಾನೂ ಎದ್ದು ಹೇಳಿದೆ. ಅಂದಿನಿಂದ ಪಾಲಕರ ಕೈ ಸಭೆಯ ಹಣ ಮುಟ್ಟುವುದಿಲ್ಲ. ಪ್ರತಿ ಹಳ್ಳಿಯಲ್ಲೂ ಇಬ್ಬರು ಎಣಿಸುತ್ತಾರೆ, ಅಲ್ಲೇ ರಸೀದಿ ಹರಿಯುತ್ತಾರೆ. ನಂಬಿಕಸ್ಥ ಮನುಷ್ಯನನ್ನು ಅನುಮಾನದ ದಾರಿಯಲ್ಲಿ ನಿಲ್ಲಿಸದಿರುವುದು ನಾವು ಕೊಟ್ಟ ಮಾನಗಳಲ್ಲೇ ದೊಡ್ಡದು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ

ಬಿಷಪ್ಪರಿಗೆ ಬರೆದ ಪತ್ರವನ್ನು ಅಯ್ಯನವರು ಕಳಿಸಲಿಲ್ಲ. ಒಂದು ತಿಂಗಳ ರಜೆ ಮಾತ್ರ ಕೇಳಿ ಪಡೆದರು. ಬೈಬಲಿನಲ್ಲಿ ಪ್ರವಾದಿ ಎಲೀಯನು ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಮೊದಲು ರೊಟ್ಟಿ ಕೊಟ್ಟ, ಮತ್ತೆ ಮಲಗಲು ಬಿಟ್ಟ, ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಜೊತೆಗಿನ ಮಾತುಕತೆ ಎಲ್ಲ ಅದರ ನಂತರ. ರಜೆಯಿಂದ ಬಂದ ಮೇಲೆ ಅಯ್ಯನವರು ಮೊದಲು ಪ್ರಸಂಗ ಮಾಡಿದ್ದು ಆ ರೊಟ್ಟಿಯ ಬಗ್ಗೆ.

ಬಿಪಿ ಮಾತ್ರೆ ಇನ್ನೂ ತೆಗೆದುಕೊಳ್ಳುತ್ತಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ ಅಂತ ಅಮ್ಮನವರು ಹೇಳುತ್ತಿದ್ದರು. ಆದರೆ ಇನ್ನೂ ಎರಡು ವರ್ಷ ನಮ್ಮ ಜೊತೆ ಇದ್ದು, ಎಲ್ಲರಂತೆ ವರ್ಗಾವಣೆಯಾಗಿ ಹೋದರು. ಬೀಳ್ಕೊಡುಗೆಯಲ್ಲಿ ಶಾಲು ಇರಲಿಲ್ಲ. ಅವರ ಮಗ ನನ್ನ ಹತ್ತಿರ ಬಂದು ಕೈ ಕುಲುಕಿದ.

ಒಂದು ವಿಷಯ ಹೇಳಲೇಬೇಕು. ಹೊಸ ಪಾಲಕರು ಬಂದಾಗಲೆಲ್ಲ ನಾವು ಇಬ್ರಿಯರಿಗೆ ಬರೆದ ಪತ್ರದ 13:17 ಓದಿಸುತ್ತೇವೆ: ನಿಮ್ಮ ಸಭಾನಾಯಕರ ಮಾತು ಕೇಳಿ, ಅವರು ದುಃಖದಿಂದಲ್ಲ, ಸಂತೋಷದಿಂದ ಕೆಲಸ ಮಾಡುವಂತಾಗಲಿ ಅನ್ನುವ ವಚನ. ಅದರ ಮುಂದಿನ 18ನೇ ವಚನ ಶುರುವಾಗುವುದೇ "ನಮಗಾಗಿ ಪ್ರಾರ್ಥಿಸಿರಿ" ಅನ್ನುವ ಅರ್ಥದ ಮಾತಿನಿಂದ. ಇಷ್ಟು ವರ್ಷ ನಾವು 17ಕ್ಕೇ ಪುಸ್ತಕ ಮುಚ್ಚುತ್ತಿದ್ದೆವು. ಈ ಸಲ ಎರಡನ್ನೂ ಓದಿಸಿದೆವು. ಹೊಸ ಅಯ್ಯನವರ ಹೆಸರು ತಿಳಿದ ದಿನದಿಂದಲೇ, ಅವರು ಬರುವ ಆರು ವಾರ ಮೊದಲೇ, ಪ್ರಾರ್ಥನೆ ಶುರುವಾಗಿತ್ತು.

ಅವರು ಬಂದ ಮೊದಲ ಸೋಮವಾರ ನಾನು ಚರ್ಚ್ ಕಾಂಪೌಂಡಿನ ಮುಂದೆ ಹಾದುಹೋಗುತ್ತಿದ್ದೆ. ಗೇಟಿನ ಹತ್ತಿರ ಯಾರೋ ಒಬ್ಬರು ಸ್ಕೂಟರ್ ನಿಲ್ಲಿಸಿ ಪಾಲಕರ ಮನೆ ಕಡೆ ನಡೆದಿದ್ದರು. ಒಳಗಿನ ಮರದ ಕೆಳಗೆ ಸಿಮೆಂಟು ಬೆಂಚಿನ ಮೇಲೆ ಆ ಹಿರಿಯರು ಕೂತಿದ್ದರು, ಮಂಡಿಯ ಮೇಲೆ ರಸೀದಿ ಪುಸ್ತಕ ಇಟ್ಟುಕೊಂಡು. "ಏನಪ್ಪಾ, ಯಾರಿಗಾದ್ರೂ ಸೀರಿಯಸ್ಸಾ?" ಅಂತ ಕೇಳಿದರು. ಸರ್ಟಿಫಿಕೇಟ್ ಬೇಕಿತ್ತು ಅಂದರು ಆತ.

"ಇವತ್ತು ಸೋಮವಾರ. ಬಾ, ಇಲ್ಲಿ ಕೂತ್ಕೊ. ಅದನ್ನ ನನ್ನ ಹತ್ರ ಹೇಳು."